ಲೆಕ್ಕದ ಹಾಳೆ ಕಂಡರೆ ಹೊಟ್ಟೆನೋವು: ಓದುಗರ ಪ್ರಶ್ನೆಗೆ ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುತ್ತಿರುವ ಅಪ್ಪ ಅಮ್ಮಂದಿರದ್ದೇ ಜಾಸ್ತಿ. ದೂರು ಹೆಚ್ಚುಕಡಿಮೆ ಒಂದೇ. ಹೇಳಿಕೊಟ್ಟರೆ ಮಗುವಿಗೆ ಅರ್ಥವಾಗುತ್ತದೆ, ಆದರೆ ಅಭ್ಯಾಸಕ್ಕೆ ಕೂರುವುದಿಲ್ಲ. ನಾನು ಉಡುಪಿಯ ಕನ್ನಡ ಶಾಲೆಯೊಂದರಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಮಾಡಿದವಳು. ಈಗ ಮೊಮ್ಮಗಳ ಜೊತೆ ಕೂತು ಲೆಕ್ಕ ಮಾಡುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ನಿಮ್ಮ ಮನೆಗೆ ಹೊಂದುವುದನ್ನು ತೆಗೆದುಕೊಳ್ಳಿ.

ಪ್ರಶ್ನೆ: ಟೀಚರ್, ನಮ್ಮದು ಕಟಪಾಡಿ ಹತ್ತಿರ. ಮಗಳಿಗೆ ಏಳು ವರ್ಷ. ಕತೆ ಪುಸ್ತಕ ಕೊಟ್ಟರೆ ಊಟ ಮರೆಯುತ್ತಾಳೆ. ಲೆಕ್ಕದ ವರ್ಕ್‌ಶೀಟ್ ತೆಗೆದರೆ ಹೊಟ್ಟೆನೋವು ಶುರು. ಹಾಳೆಗೊಂದು ಸ್ಟಿಕ್ಕರ್, ಹತ್ತು ಸ್ಟಿಕ್ಕರಿಗೆ ಒಂದು ಐಸ್‌ಕ್ರೀಮ್ ಅಂತ ಮಾಡಿದೆ. ಸ್ವಲ್ಪ ದಿನ ನಡೆಯಿತು. ಈಗ "ಐಸ್‌ಕ್ರೀಮೂ ಬೇಡ, ಲೆಕ್ಕವೂ ಬೇಡ" ಅನ್ನುತ್ತಾಳೆ. ಮನೆಯಲ್ಲಿ ಮಲ್ಲಿಗೆ ಇದೆ, ಕಟ್ಟಿ ಮಾರುತ್ತೇವೆ. ಬೆಳಗ್ಗೆ ನನಗೂ ಅತ್ತೆಗೂ ಪುರುಸೊತ್ತೇ ಇರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ನ್ಯಾಯ ಇದೆ. ಐಸ್‌ಕ್ರೀಮ್ ಕೊಟ್ಟು ಮಾಡಿಸಬೇಕಾದ ಕೆಲಸ ಎಂದರೆ ಅದು ಕಹಿಯೇ ಇರಬೇಕು ಎಂದು ಮಗು ತಿಳಿಯುತ್ತದೆ. ಸ್ಟಿಕ್ಕರ್ ಸಿಗುವುದು ಹಾಳೆ ಮುಗಿದದ್ದಕ್ಕೆ. 8ಕ್ಕೆ 5 ಸೇರಿಸಿದರೆ 13 ಆದದ್ದರಿಂದ ಅವಳಿಗೆ ಏನೂ ಆಗಲಿಲ್ಲ. ಆ 13 ಅವಳಿಗೆ ಬೇಕಾಗಿಯೂ ಇರಲಿಲ್ಲ. ನಾವು ಮಾಡಬೇಕಾದದ್ದು ಅಷ್ಟೇ: ಉತ್ತರ ಅವಳಿಗೆ ಬೇಕಾಗುವ ಹಾಗೆ ಮಾಡುವುದು. ಲೆಕ್ಕದ ಸುತ್ತ ಬಣ್ಣ, ಗೊಂಬೆ, ಬಹುಮಾನ ಎಲ್ಲ ಆಮೇಲೆ. ಇಲ್ಲದಿದ್ದರೂ ನಡೆಯುತ್ತದೆ.

ನಿಮಗೆ ದೂರ ಹುಡುಕುವ ಕೆಲಸವೇ ಇಲ್ಲ, ಮನೆಯಲ್ಲೇ ಮಲ್ಲಿಗೆ ಇದೆ. ಕಟ್ಟಿದ ಮಲ್ಲಿಗೆಯ ಅಳತೆ ಅಟ್ಟೆ ಮತ್ತು ಚೆಂಡು: ಒಂದು ಅಟ್ಟೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ ಸುಮಾರು 800 ಹೂ. ನಿಮಗೆ ಇದು ಬಾಯಿಪಾಠ. ಅವಳಿಗೆ ಗೊತ್ತಾ, ಕೇಳಿ ನೋಡಿ. ಅತ್ತೆ ಬಾಳೆನಾರು ಹಿಡಿದು ಕಟ್ಟುತ್ತಿರುವಾಗ ಅವಳು ಪಕ್ಕದಲ್ಲಿ ಕೂತು ಮೊಗ್ಗುಗಳನ್ನು ಹತ್ತು ಹತ್ತರ ಗುಪ್ಪೆ ಮಾಡಿ ಕೊಡಲಿ. ಹತ್ತು ಗುಪ್ಪೆ ಸೇರಿದರೆ ನೂರು. ಬಿಡಿ, ಹತ್ತು, ನೂರು ಎಂದರೆ ಏನು ಎಂಬುದು ಕೈಗೆ ಸಿಗುವ ಪಾಠ ಅದು. ಇಡೀ ಚೆಂಡು ಎಣಿಸಬೇಕು ಅಂತಿಲ್ಲ. ನೂರರವರೆಗೆ ಎಣಿಸಿ "ಅಜ್ಜಿ, ಇಂಥದ್ದು ಇನ್ನು ಏಳು ಬೇಕು" ಅಂದರೆ ಸಾಕು.

ಆಮೇಲೆ ಅವಳಿಗೆ ಒಂದು ಜವಾಬ್ದಾರಿ ಕೊಡಿ. ಕಟ್ಟೆಗೆ, ಅಂದರೆ ಹೂ ಕೊಳ್ಳುವವರಲ್ಲಿಗೆ, ಹೋದ ಹೂವಿನ ಲೆಕ್ಕ ಅವಳೇ ಬರೆಯಲಿ. ತಾರೀಕು, ಎಷ್ಟು ಅಟ್ಟೆ, ಎಷ್ಟು ಚೆಂಡು, ಇವತ್ತಿನ ರೇಟು. ಅಟ್ಟೆಯ ರೇಟು ದಿನ ದಿನ ಬದಲಾಗುತ್ತದಲ್ವಾ, ಅದೇ ನಮಗೆ ಬೇಕಾದದ್ದು. ನಿನ್ನೆಗಿಂತ ಎಷ್ಟು ಜಾಸ್ತಿ, ಎಷ್ಟು ಕಮ್ಮಿ? ದಿನಕ್ಕೆ ಒಂದೇ ಕಳೆಯುವ ಲೆಕ್ಕ, ಆದರೆ ಮನೆಯವರೆಲ್ಲ ಆ ಉತ್ತರಕ್ಕೆ ಕಾಯುತ್ತಾರೆ. ಅಟ್ಟೆಗೆ 640 ಇದ್ದ ದಿನ ಒಂದು ಚೆಂಡಿಗೆ ಎಷ್ಟು ಎಂದು ಕೇಳಿ. ಭಾಗಾಕಾರ ಎಂಬ ಶಬ್ದ ಎತ್ತಬೇಡಿ. ಅರ್ಧ ಮಾಡು, 320. ಮತ್ತೆ ಅರ್ಧ ಮಾಡು, 160. ಹಾಗಾದರೆ ಆರು ಚೆಂಡು ಕೊಟ್ಟರೆ? ಆರು ಚೆಂಡೆಂದರೆ ಒಂದೂವರೆ ಅಟ್ಟೆ, 640ಕ್ಕೆ 320 ಸೇರಿಸು, 960. ಇದನ್ನೆಲ್ಲ ಒಂದೇ ದಿನ ಕೇಳಬೇಡಿ. ಅವಳು ರೇಟು ಬರೆದು ರೂಢಿಯಾಗಲಿ, ಆಮೇಲೆ ಒಂದೊಂದಾಗಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಅದು ಮನೆಯ ನಿಜವಾದ ಲೆಕ್ಕದ ಪುಸ್ತಕವೇ ಆಗಬೇಕು. ಸುಮ್ನೆ ಮಗುವಿಗೆಂದು ಬೇರೆ ಪುಸ್ತಕ ಮಾಡಿದರೆ ಅವಳಿಗೆ ಒಂದು ವಾರದೊಳಗೆ ಗೊತ್ತಾಗಿಬಿಡುತ್ತದೆ. ಕಟ್ಟೆಯವರು ಕೊಡುವ ಲೆಕ್ಕದ ಜೊತೆ ಅವಳ ಲೆಕ್ಕ ತಾಳೆ ನೋಡಿ, ಅವಳ ಎದುರೇ ನೋಡಿ.

ಮಧ್ಯಾಹ್ನ ಊಟ ಆದ ಮೇಲೆ ಚೆನ್ನೆಮಣೆ ತೆಗೆಯಿರಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಒಟ್ಟು 56. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಆಡುವ ಬಗೆ ನಮ್ಮಲ್ಲಿ ಊರಿಗೊಂದು, ಮನೆಗೊಂದು. ನಿಮ್ಮ ಅತ್ತೆಗೆ ಗೊತ್ತಿರುವುದನ್ನೇ ಆಡಿ. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಮಣೆ ತೆಗೆಯುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಹಿರಿಯರ ಮಾತು ಮೀರುವುದು ಬೇಡ. ಹದಿನಾಲ್ಕು ತೆಂಗಿನ ಗೆರಟೆ ಎರಡು ಸಾಲಾಗಿ ಇಟ್ಟು, ಹುಣಸೆ ಬೀಜ ಹಾಕಿ ಬೇರೆ ಆಟ ಅಂತ ಆಡಿ. ಕಾಯಿಗೆ ಮಂಜೊಟ್ಟಿ ಒಳ್ಳೆಯದು, ಪೂರ್ತಿ ಕೆಂಪು ಇರುವ ದೊಡ್ಡ ಬೀಜ. ಗುಲಗಂಜಿ ಮಾತ್ರ ಬೇಡವೇ ಬೇಡ. ಕೆಂಪು ಮೈಗೆ ಕಪ್ಪು ಚುಕ್ಕೆ ಇರುವ ಆ ಚಿಕ್ಕ ಬೀಜ ವಿಷ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಯಾವ ಬೀಜವನ್ನೂ ನೆಲದಲ್ಲಿ ಬಿಟ್ಟು ಏಳಬೇಡಿ.

ಈ ಆಟದಲ್ಲಿ ಲೆಕ್ಕ ಎಲ್ಲಿದೆ ಎಂದು ನನ್ನ ಮೊಮ್ಮಗಳನ್ನು ನೋಡಿಯೇ ಹೇಳುತ್ತೇನೆ. ಅವಳು ಒಂದು ಗುಳಿಗೆ ಕೈ ಹಾಕುವ ಮೊದಲು ಬೆರಳನ್ನು ಮಣೆಗೆ ತಾಗಿಸದೆ ಗಾಳಿಯಲ್ಲೇ ಸುತ್ತಿಸುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತದೆ. ಇಲ್ಲಿಂದ ಆರು ಕಾಯಿ ಎತ್ತಿದರೆ ಕೊನೆಯದು ಎಲ್ಲಿ ಬೀಳುತ್ತದೆ, ಅದರ ಮುಂದಿನ ಗುಳಿ ಖಾಲಿಯಾ, ಅದರಾಚೆ ನನಗೆ ಎಷ್ಟು ಸಿಗುತ್ತದೆ? ಹೊಂದದಿದ್ದರೆ ಬೆರಳು ಇನ್ನೊಂದು ಗುಳಿಗೆ ಹೋಗುತ್ತದೆ. ಒಂದು ಸರದಿಗೆ ಇಂಥ ನಾಲ್ಕೈದು ಲೆಕ್ಕ ಆಗುತ್ತದೆ. ಯಾರೂ ಮಾಡು ಅಂದಿಲ್ಲ.

ಆಟ ಮುಗಿದ ಮೇಲೆ ಇನ್ನೂ ಚಂದ. ಅವಳ ಹತ್ತಿರ 33 ಕಾಯಿ ಇದೆ ಅಂದುಕೊಳ್ಳಿ. "ನನ್ನ ಹತ್ತಿರ ಎಷ್ಟಿರಬಹುದು? ಎಣಿಸದೆ ಹೇಳು." ಒಟ್ಟು 56 ಎಂದು ಅವಳಿಗೆ ಗೊತ್ತು. 23 ಅನ್ನುತ್ತಾಳೆ. ಮುಂದಿನ ಆಟಕ್ಕೆ ಗುಳಿಗೆ ನಾಲ್ಕರಂತೆ ತುಂಬಬೇಕಲ್ಲ. ಅವಳ ಏಳೂ ಗುಳಿ ತುಂಬಿ ಐದು ಕಾಯಿ ಕೈಯಲ್ಲಿ ಉಳಿಯುತ್ತದೆ. ನನ್ನ 23ರಲ್ಲಿ ಐದೇ ಗುಳಿ ತುಂಬುತ್ತದೆ, ಮೂರು ಕಾಯಿ ಉಳಿಯುತ್ತದೆ, ಎರಡು ಗುಳಿ ಖಾಲಿ. ಭಾಗಲಬ್ಧ, ಶೇಷ ಎಂದು ನಾಲ್ಕನೇ ತರಗತಿಯಲ್ಲಿ ನಾವು ಬೋರ್ಡಿನ ಮೇಲೆ ಬೆವರು ಸುರಿಸಿ ಹೇಳಿಕೊಡುವುದು ಇದನ್ನೇ. ಏಳರ ಮಗುವಿಗೆ ಅಜ್ಜಿಯ ಎರಡು ಗುಳಿ ಖಾಲಿ ಎಂಬ ಸಂತೋಷದಲ್ಲೇ ಅದು ತಲೆಗೆ ಹೋಗುತ್ತದೆ.

ಹಾಗಂತ ವರ್ಕ್‌ಶೀಟ್ ಎತ್ತಿ ಎಸೆಯಬೇಡಿ. ಬರೆಯುವ ರೂಢಿ ಬೇಕು. ಹಾಳೆಯಲ್ಲಿ ಇಪ್ಪತ್ತು ಲೆಕ್ಕ ಇದ್ದರೆ ಅವಳೇ ಐದು ಆರಿಸಲಿ, ಅದರಲ್ಲಿ ಒಂದು ಅವಳಿಗೆ ಕಷ್ಟ ಅನ್ನಿಸುವಂಥದ್ದು ಇರಬೇಕು ಎಂಬುದೊಂದೇ ಷರತ್ತು. ಇನ್ನೊಂದು ದಿನ ನೀವೇ ಎಂಟು ಲೆಕ್ಕ ಮಾಡಿಡಿ, ಅದರಲ್ಲಿ ಎರಡು ಬೇಕಂತಲೇ ತಪ್ಪು ಮಾಡಿ. ಕೆಂಪು ಪೆನ್ನು ಅವಳ ಕೈಗೆ ಕೊಡಿ. ತಪ್ಪು ಹುಡುಕಬೇಕಾದರೆ ಎಂಟನ್ನೂ ಮಾಡಲೇಬೇಕು. ಮತ್ತೆ, ಹತ್ತು ಹದಿನೈದು ನಿಮಿಷ ಸಾಕು. ಅವಳು "ಇನ್ನೊಂದು" ಅನ್ನುವಾಗಲೇ ಎದ್ದುಬಿಡಿ. ಸಾಕಾಗುವವರೆಗೆ ಕೂರಿಸಿದರೆ ನಾಳೆಗೆ ನೆನಪಿರುವುದು ಆ ಸಾಕು ಮಾತ್ರ.

ಪ್ರಶ್ನೆ: ಬ್ರಹ್ಮಾವರದ ಅಜ್ಜಿ ನಾನು. ಮೊಮ್ಮಗನಿಗೆ ಆರು ವರ್ಷ. 7ಕ್ಕೆ 3 ಕೂಡಿಸಲೂ ಬೆರಳು ಮಡಚುತ್ತಾನೆ. ಕೈ ಹಿಂದೆ ಕಟ್ಟಿಸಿ ಕೇಳಬೇಕಾ?

ಉತ್ತರ: ಬೇಡ ಅಜ್ಜಿ, ಕೈ ಕಟ್ಟಿಸಬೇಡಿ. ಆರು ವರ್ಷಕ್ಕೆ ಬೆರಳು ಬೇಕೇ ಬೇಕು. ಹತ್ತು ಆಗುವ ಜೋಡಿಗಳು ಗಟ್ಟಿಯಾದರೆ ಬೆರಳು ತಾನಾಗಿ ಕಮ್ಮಿಯಾಗುತ್ತದೆ. ಇರುವುದು ಐದೇ ಜೋಡಿ: 9 ಮತ್ತು 1, 8 ಮತ್ತು 2, 7 ಮತ್ತು 3, 6 ಮತ್ತು 4, 5 ಮತ್ತು 5. ಹತ್ತು ಹುಣಸೆ ಬೀಜ ತೆಗೆದುಕೊಳ್ಳಿ. ಎರಡೂ ಮುಷ್ಟಿಯಲ್ಲಿ ಹಂಚಿ ಹಿಡಿದು ಒಂದು ಮುಷ್ಟಿ ಬಿಚ್ಚಿ ತೋರಿಸಿ. ಮುಚ್ಚಿದ ಮುಷ್ಟಿಯಲ್ಲಿ ಎಷ್ಟು? ಸರಿ ಹೇಳಿದರೆ ಬೀಜ ಅವನ ಕೈಗೆ, ಮುಂದಿನ ಸಲ ಅವನು ಅಡಗಿಸುತ್ತಾನೆ, ನೀವು ಹೇಳಬೇಕು. ಅವನು ಅಡಗಿಸುವಾಗಲೇ ಕಲಿಯುವುದು ಜಾಸ್ತಿ. ನೀವು ಒಮ್ಮೊಮ್ಮೆ ತಪ್ಪು ಹೇಳಿ, ಅವನು ತಿದ್ದಲಿ. ಈ ಐದು ಜೋಡಿ ಬಂದ ಮೇಲೆ 8ಕ್ಕೆ 5 ಅಂದರೆ 5ರಿಂದ ಎರಡು ಕೊಟ್ಟು ಹತ್ತು ಮಾಡಿ, ಉಳಿದ ಮೂರು ಸೇರಿಸಿ 13 ಎಂದು ತೋರಿಸಿಕೊಡಿ.

ಪ್ರಶ್ನೆ: ನಾವು ಮಂಗಳೂರು ಬಿಜೈಯವರು. ಮಗನಿಗೆ ಎಂಟು. ನಾನು ಚಿಕ್ಕವನಿದ್ದಾಗ ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತರವರೆಗೆ ಮಗ್ಗಿ ಹೇಳಿದವನು. ಮಗ ಏಳರ ಮಗ್ಗಿಗೆ ನಿಂತಿದ್ದಾನೆ. ಏಳೆಂಟ್ಲಿ ಎಷ್ಟು ಅಂದರೆ ಏಳೊಂದ್ಲಿ ಏಳು ಎಂದು ಮೊದಲಿನಿಂದ ಶುರು ಮಾಡುತ್ತಾನೆ. ಯಕ್ಷಗಾನ ತರಗತಿಯಲ್ಲಿ ಮಾತ್ರ ತಾಳ ಒಂದೂ ತಪ್ಪುವುದಿಲ್ಲ.

ಉತ್ತರ: ಮಗ್ಗಿ ರಾಗವಾಗಿ ಹೇಳಿಸುವುದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಬರೀ ರಾಗದಲ್ಲಿ ಕಲಿತವನು ನಡುವಿನ ಒಂದನ್ನು ಕೇಳಿದರೆ ರಾಗದ ತಲೆಯಿಂದಲೇ ಬರಬೇಕಾಗುತ್ತದೆ. ನಿಮ್ಮ ಮಗನಿಗೆ ಆಗಿರುವುದು ಅದೇ.

ಮೊದಲು ಅವನ ಹೆದರಿಕೆ ಕಮ್ಮಿ ಮಾಡಿ. ಅಂಗಳದಲ್ಲೋ ಟೆರೇಸಿನಲ್ಲೋ ಸೀಮೆಸುಣ್ಣದಿಂದ ಹತ್ತು ಅಡ್ಡ, ಹತ್ತು ಉದ್ದ ಚೌಕದ ಮನೆ ಬರೆಯಿರಿ. ನೂರು ಮನೆ, ನೂರು ಉತ್ತರ. ಈಗ ಅವನಿಗೆ ಗೊತ್ತಿರುವುದನ್ನು ಅವನೇ ಹೊಡೆದು ಹಾಕಲಿ. 1, 2, 5, 10ರ ಮಗ್ಗಿ ಬರುತ್ತದಲ್ವಾ, ಆ ಸಾಲುಗಳು ಅಡ್ಡಕ್ಕೂ ಉದ್ದಕ್ಕೂ ಹೋದವು. ಆಮೇಲೆ ಅಂಗಡಿಯ ಮೊಟ್ಟೆ ಟ್ರೇ ತೋರಿಸಿ. ಹೀಗೆ ಹಿಡಿದರೆ ಐದು ಸಾಲು, ಸಾಲಿಗೆ ಆರು. ತಿರುಗಿಸಿ ಹಿಡಿದರೆ ಆರು ಸಾಲು, ಸಾಲಿಗೆ ಐದು. ಮೊಟ್ಟೆ 30 ಇದ್ದದ್ದು 30ಕ್ಕೇ ಇದೆ. ಹಾಗಾದರೆ ಏಳೆಂಟ್ಲಿ ಮತ್ತು ಎಂಟೇಳ್ಲಿ ಎರಡು ಸಲ ಕಲಿಯುವುದು ಯಾಕೆ? ಇಂಥ ಪ್ರತಿ ಜೋಡಿಯಲ್ಲೂ ಒಂದು ಹೊಡೆದು ಹಾಕಿ. ಈಗ ಎಣಿಸಿದರೆ 21 ಮನೆ ಉಳಿದಿರುತ್ತದೆ.

ಒಂಬತ್ತರದ್ದಕ್ಕೆ ಉಪಾಯ ಇದೆ. ಒಂಬತ್ತೇಳ್ಲಿ: ಏಳಕ್ಕಿಂತ ಒಂದು ಕಮ್ಮಿ 6, ಅದನ್ನು 9 ಮಾಡಲು 3, ಉತ್ತರ 63. ಆರು ಮನೆ ಹೋಯಿತು. ನಾಲ್ಕರದ್ದು ಎಂದರೆ ಎರಡು ಸಲ ದುಪ್ಪಟ್ಟು. ಏಳರ ದುಪ್ಪಟ್ಟು 14, ಅದರ ದುಪ್ಪಟ್ಟು 28. ಐದು ಮನೆ ಹೋಯಿತು. ಕೊನೆಗೆ ಉಳಿಯುವುದು ಹತ್ತೇ ಹತ್ತು. 3ರ ಜೊತೆ 3, 6, 7, 8. 6ರ ಜೊತೆ 6, 7, 8. 7ರ ಜೊತೆ 7, 8. ಆಮೇಲೆ 8ರ ಜೊತೆ 8. ನೂರು ಅಂದುಕೊಂಡು ಹೆದರಿದ ಹುಡುಗನಿಗೆ ಹತ್ತೇ ಬಾಕಿ ಎಂದು ಗೊತ್ತಾಗುವಾಗ ಮುಖ ನೋಡಬೇಕು ಮಾರಾಯ್ರೇ. ಎಷ್ಟೋ ಮಕ್ಕಳಿಗೆ ಈ ಚೌಕ ಬರೆಸಿದ್ದೇನೆ. ಪ್ರತಿ ಸಲ ನನಗೂ ಖುಷಿ.

ಏಳಕ್ಕೆ ನಿಮ್ಮ ಮಗನ ತಾಳವೇ ಇದೆ. ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಅಂದರೆ ಏಳು ಎಣಿಕೆ: 3, 2, 2. ಅವನು ತಾಳ ಹಾಕಲಿ, ಪ್ರತಿ ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯುವಾಗ ಒಟ್ಟು ಎಷ್ಟು ಅಕ್ಷರ ಆಯಿತು ಎಂದು ಜೋರಾಗಿ ಹೇಳಲಿ. 7, 14, 21. ರೂಢಿಯಾದ ಮೇಲೆ ನೀವು ನಡುವೆ ತಡೆದು "ಎಷ್ಟನೇ ಆವರ್ತನ?" ಎಂದು ಕೇಳಿ. 42 ಎಂದು ಹೇಳಿ ನಿಂತವನು ಆರು ಅನ್ನಬೇಕು. ಎಂಟನೇ ಆವರ್ತನಕ್ಕೆ 56. ಮೇಲೆ ಕಟಪಾಡಿಯವರಿಗೆ ಹೇಳಿದ ಚೆನ್ನೆಮಣೆಯ ಕಾಯಿಯೂ ಅಷ್ಟೇ. ಎರಡೂ ಆಡಿದ ಮಗು ಆ ಸಂಖ್ಯೆಯನ್ನು ಮರೆಯುವುದು ಕಷ್ಟ.

ಉಳಿದ ಹತ್ತನ್ನು ದಿನಕ್ಕೆ ಎರಡು ಮೂರರಂತೆ ಕೇಳಿ. ಬಸ್ಸಿನಲ್ಲಿ ಕೇಳಿ. ಜ್ಯೋತಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಎದುರಿನ ಕೆಎ 19 ಗಾಡಿಯ ಕೊನೆಯ ಎರಡು ಅಂಕಿ ಗುಣಿಸಿ, ಮೊದಲು ಹೇಳಿದವರಿಗೆ ಆ ಗಾಡಿ. ಒಂದೇ ಒಂದು ಕೋರಿಕೆ: ನೆಂಟರು ಬಂದಾಗ ಕರೆದು ನಿಲ್ಲಿಸಿ ಮಗ್ಗಿ ಹೇಳಿಸಬೇಡಿ. ಗಡಿಯಾರ ಹಿಡಿದು ಓಡಿಸುವುದೂ ಬೇಡ.

ಪ್ರಶ್ನೆ: ಸುರತ್ಕಲ್‌ನಿಂದ ಬರೆಯುತ್ತಿದ್ದೇನೆ ಟೀಚರ್. ಮಗಳಿಗೆ ಒಂಬತ್ತು. ಸಾಲ ತೆಗೆದು ಕಳೆಯುವ ಲೆಕ್ಕ ಬರುತ್ತದೆ, ಆದರೆ ಎರಡು ಮಾಡಿದ ಕೂಡಲೇ ಬೋರ್ ಅನ್ನುತ್ತಾಳೆ. ಗುಟ್ಟು, ಜಾದು ಎಂದರೆ ತುಂಬಾ ಇಷ್ಟ.

ಉತ್ತರ: ಹಾಗಾದರೆ ಜಾದೂವನ್ನೇ ಕೊಡೋಣ. ಮೂರು ಅಂಕಿಯ ಯಾವ ಸಂಖ್ಯೆಯನ್ನಾದರೂ ಅವಳು ಗುಟ್ಟಾಗಿ ಬರೆದುಕೊಳ್ಳಲಿ. ಮೂರೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ನೀವು ಒಂದು ಚೀಟಿಯಲ್ಲಿ 495 ಎಂದು ಬರೆದು ಮಡಚಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟುಬಿಡಿ.

ಅವಳು 352 ತೆಗೆದುಕೊಂಡಳು ಎನ್ನೋಣ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 532, ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ 235. ಕಳೆದರೆ 297. ಬಂದ ಉತ್ತರಕ್ಕೂ ಹಾಗೇ ಮಾಡಬೇಕು. 972ರಿಂದ 279 ಕಳೆದರೆ 693. 963ರಿಂದ 369 ಕಳೆದರೆ 594. 954ರಿಂದ 459 ಕಳೆದರೆ 495. ಇನ್ನು ಎಷ್ಟು ಸಲ ಮಾಡಿದರೂ 495ರಲ್ಲೇ ಸುತ್ತು. ಈಗ ಚೀಟಿ ಬಿಚ್ಚಿಸಿ. ನಡುವೆ 99 ಬಂದರೆ 099 ಎಂದು ಬರೆದು ಮುಂದುವರಿಸಲು ಹೇಳಿ. ಅವಳು ನಂಬುವುದಿಲ್ಲ. ಇನ್ನೊಂದು ಸಂಖ್ಯೆ ತೆಗೆಯುತ್ತಾಳೆ, ಅಪ್ಪನಿಂದ ಒಂದು ಕೇಳುತ್ತಾಳೆ, ಮತ್ತೆ ಕಳೆಯುತ್ತಾಳೆ. ನಮಗೆ ಬೇಕಾದದ್ದು ಅದೇ ತಾನೇ? ಈ ಆಟದ ಪ್ರತಿ ಕಳೆಯುವಿಕೆಯಲ್ಲೂ ಎರಡು ಸಲ ಸಾಲ ತೆಗೆಯಲೇಬೇಕು. 352ರಿಂದ ಹೊರಟು ಚೀಟಿ ಬಿಚ್ಚುವ ಹೊತ್ತಿಗೆ ಎಂಟು ಸಲ ಸಾಲ ತೆಗೆದಿರುತ್ತಾಳೆ. ಒಂದು ಕಡೆ ತಪ್ಪಿದರೆ ಅವಳಿಗೇ ಅನುಮಾನ ಬಂದು ಹುಡುಕುತ್ತಾಳೆ, ನೀವು ಕೆಂಪು ಗೆರೆ ಎಳೆಯುವುದು ಬೇಡ. ಬಂದ ಉತ್ತರಗಳ ನಡುವಿನ ಅಂಕಿ ಯಾವಾಗಲೂ 9, ಆಚೀಚಿನ ಎರಡು ಸೇರಿದರೂ 9. ಇದನ್ನು ನೀವು ಹೇಳಬೇಡಿ, ಅವಳು ಕಂಡುಹಿಡಿದು ನಿಮಗೆ ಹೇಳಲಿ.

ನಾಲ್ಕು ಅಂಕಿಗೆ ಬಂದರೆ ಹೀಗೇ 6174ರಲ್ಲಿ ನಿಲ್ಲುತ್ತದೆ, ಹೆಚ್ಚೆಂದರೆ ಏಳು ಹೆಜ್ಜೆ. ಇದನ್ನು ಕಂಡುಹಿಡಿದವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ಅವರು ಹುಟ್ಟಿದ್ದು 1905ರಲ್ಲಿ. ಬಿಡುವಿನಲ್ಲಿ ಸಂಖ್ಯೆಗಳ ಜೊತೆ ಆಡುತ್ತಲೇ ಇದ್ದ ಮನುಷ್ಯ. ಅವರ ಕತೆಯನ್ನೂ ಮಗಳಿಗೆ ಹೇಳಿ.

ಪ್ರಶ್ನೆ: ಕುಂದಾಪುರದ ತಾಯಿ. ಮಗುವಿಗೆ ಆರು ವರ್ಷ. ಹೀಗೆ ಆಟ ಆಡಿಸುತ್ತಾ ಹೋದರೆ ಮುಂದೆ ಪರೀಕ್ಷೆಗೆ ಏನು ಗತಿ ಎಂದು ಮನೆಯವರು ಕೇಳುತ್ತಾರೆ.

ಉತ್ತರ: ಮನೆಯಲ್ಲೇ ಕಲಿತವರೂ ಪರೀಕ್ಷೆ ಬರೆಯಲು ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಎಂದು ಮೂರು ಹಂತ ಇದೆ. ಅವು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮನಾದದ್ದಕ್ಕೆ 14 ವರ್ಷ ತುಂಬಿರಬೇಕು. ನಿಮ್ಮ ಮಗುವಿಗೆ ಆರು ಎಂದು ಬರೆದಿದ್ದೀರಿ, ಸಮಯ ಬೇಕಾದಷ್ಟಿದೆ. ಮನೆಯವರಿಗೆ ಸಮಾಧಾನ ಆಗಬೇಕಾದರೆ ಒಂದು ದಪ್ಪ ಪುಸ್ತಕ ಇಡಿ. ಆಡಿದ ಆಟ, ಮಗು ಹೇಳಿದ ಉತ್ತರ, ಅದು ಯೋಚಿಸಿದ ದಾರಿ ಎರಡು ಸಾಲು ಬರೆದು ತಾರೀಕು ಹಾಕಿ. ಮೂರು ತಿಂಗಳ ಹಿಂದಿನ ಪುಟ ತೆಗೆದು ತೋರಿಸಿದರೆ ವಾದ ಮಾಡಬೇಕಾಗುವುದಿಲ್ಲ.

ಪ್ರಶ್ನೆ: ಉಡುಪಿ ಕಲ್ಸಂಕ. ನಮ್ಮ ಅವಳಿ ಮಕ್ಕಳಿಗೆ ಎಂಟು ವರ್ಷ. ಬರೀ ಅಂಕಿ ಕೊಟ್ಟರೆ ಮಾಡುತ್ತಾರೆ, ವಾಕ್ಯದ ಲೆಕ್ಕ ಓದಿದರೆ "ಕೂಡಿಸುವುದಾ, ಕಳೆಯುವುದಾ" ಎಂದು ನಮ್ಮ ಮುಖ ನೋಡುತ್ತಾರೆ.

ಉತ್ತರ: ಪುಸ್ತಕದಲ್ಲಿ ಯಾರೋ ಒಬ್ಬರು 60 ಮಾವಿನ ಹಣ್ಣು ಕೊಳ್ಳುತ್ತಾರೆ. ಯಾಕೆ ಕೊಂಡರು ಎಂದು ಮಕ್ಕಳಿಗೆ ಗೊತ್ತಿಲ್ಲ, ಹಾಗಾಗಿ ಏನು ಮಾಡಬೇಕು ಎಂದೂ ಗೊತ್ತಾಗುವುದಿಲ್ಲ. ಕಣ್ಣೆದುರಿನದ್ದನ್ನು ಕೇಳಿ. ಮೀನಿನವರು ನೂರಕ್ಕೆ ಎಂಟು ಬಂಗುಡೆ ಅಂದರೆ 250 ರೂಪಾಯಿಗೆ ಎಷ್ಟು ಬರಬೇಕು? ಬುಟ್ಟಿ ಎದುರಿರುವಾಗಲೇ ಕೇಳಿ, 20 ಎಂದು ಹೇಳಿದರೆ ಎಣಿಸಿ ತೆಗೆದುಕೊಳ್ಳುವ ಕೆಲಸವೂ ಅವರದ್ದೇ. ನೀರ್ ದೋಸೆ ಮಡಚುವಾಗ ಒಮ್ಮೆ ಮಡಚಿದರೆ ಅರ್ಧ, ಇನ್ನೊಮ್ಮೆ ಮಡಚಿದರೆ ಕಾಲು. ಕಾಲಿನಷ್ಟು ಮಾತ್ರ ತಿಂದವನ ತಟ್ಟೆಯಲ್ಲಿ ಎಷ್ಟು ಬಾಕಿ?

ನಿಮ್ಮದು ಕಲ್ಸಂಕ ಅಲ್ವಾ, ರಥಬೀದಿ ಹತ್ತಿರವೇ. ಪರ್ಯಾಯದ್ದೇ, ಅಂದರೆ ಕೃಷ್ಣ ಮಠದ ಪೂಜೆಯ ಸರದಿಯದ್ದೇ, ಒಂದು ಲೆಕ್ಕ ಕೊಡಿ. ಮಠ ಎಂಟು, ಒಂದೊಂದಕ್ಕೆ ಎರಡು ವರ್ಷ. ಒಂದು ಮಠಕ್ಕೆ ಮತ್ತೆ ಸರದಿ ಬರಲು ಎಷ್ಟು ವರ್ಷ? 16 ಎಂದು ಅವರೇ ಹೇಳಲಿ. ಪುತ್ತಿಗೆ ಮಠದ ಪರ್ಯಾಯ 2024ರ ಜನವರಿಯಲ್ಲಿ ಶುರುವಾಯಿತು, ಮತ್ತೆ ಯಾವಾಗ? ಅದಕ್ಕಿಂತ ಮೊದಲು ಅವರಿಗೆ ಯಾವ ವರ್ಷ ಆಗಿತ್ತು? ಆಗ ಅಪ್ಪನಿಗೆ ಎಷ್ಟು ವಯಸ್ಸು, ಮುಂದಿನ ಸಲ ಅವಳಿ ಮಕ್ಕಳಿಗೆ ಎಷ್ಟು? ಉತ್ತರ ನೀವು ಮೊದಲೇ ಮಾಡಿಟ್ಟುಕೊಳ್ಳಬೇಡಿ, ಅವರ ಜೊತೆಯೇ ಕೂತು ಮಾಡಿ. ಇಬ್ಬರ ಉತ್ತರ ಬೇರೆ ಬೇರೆ ಬಂದರೆ ಯಾರದ್ದು ಸರಿ ಎಂದು ಹೇಳಲು ಅವಸರ ಬೇಡ. ಇಬ್ಬರೂ ತಮ್ಮ ತಮ್ಮ ದಾರಿ ಹೇಳಲಿ.